ಚೌಕಳಿ ಟವೆಲ್

ನೂಡಲ್ಸ್ ತಿನ್ನುತ್ತಲೇ ಆತ ಹೆಣದ ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದ. ಬಿಚ್ಚಿದವನೇ ಕುರ್ಚಿ ಸಮೇತ ಹಿಂದಕ್ಕೆ ಹಾರಿ, ಕಿರುಚಿ, ಮೈಕಿನ ಮೇಲೆಲ್ಲ ಎಂಜಲು ಸಿಡಿಸಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಸಿಂಧನೂರಿನ ಬಸ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲಿದ್ದ ಕಂಪ್ಯೂಟರ್ ಸೆಂಟರಿನಲ್ಲಿ, ಮಧ್ಯಾಹ್ನದ ಬಿಡುವಿನ ಹೊತ್ತಿಗೆ, ಆರ್ಜೂ ಅದನ್ನು ನಾಲ್ಕನೇ ಸಲ ನೋಡುತ್ತಿದ್ದಳು. ಆತ ದಿಲ್ಲಿಯ ಕಡೆಯವನಿರಬೇಕು. ದಿನಕ್ಕೊಂದು ಹೆದರಿಸುವ ವಿಡಿಯೋ ಗೇಮ್ ಆಡುತ್ತ, ತಾನು ಹೆದರುವುದನ್ನು ಲಕ್ಷಾಂತರ ಜನಕ್ಕೆ ತೋರಿಸುವುದೇ ಅವನ ಕಸುಬು. ಈ ಸಲ ಅವನ ಕೈಗೆ ಸಿಕ್ಕಿದ್ದು ಆರ್ಜೂ ಮಾಡಿದ ಗೇಮ್.

“ದೀದೀ ಕಾ ಮೇಕಪ್ ಥೋಡಾ ಜ್ಯಾದಾ ಹೋ ಗಯಾ,” ಅಕ್ಕನ ಮೇಕಪ್ಪು ಸ್ವಲ್ಪ ಜಾಸ್ತಿಯಾಯಿತು, ಎಂದು ಆತ ಪರದೆಯ ಮೇಲಿನ ಮುಖಕ್ಕೆ ಫೋರ್ಕು ತೋರಿಸಿದ. ಆ ಮುಖಕ್ಕೆ ತುಟಿಗಳಿರಲಿಲ್ಲ. ಹಲ್ಲುಗಳ ನಡುವಿನಿಂದ ಬೆರಳುದ್ದದ ಮೀನೊಂದು ನುಸುಳಿ ಹೊರಗೆ ಬರುತ್ತಿತ್ತು. ಆ ಮೀನಿನ ಬಾಲ ಸರಿಯಾಗಿ ಅಲ್ಲಾಡುವಂತೆ ಮಾಡಲು ಆರ್ಜೂಗೆ ಎರಡು ವಾರ ಹಿಡಿದಿತ್ತು. ಆತ ನಕ್ಕಾಗ ಅವಳೂ ನಕ್ಕಳು. ಅವಳು ನಕ್ಕದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಖುಷಿಯಿಂದಲೇ ನಕ್ಕಳು, ಅವ್ವ ಕಟ್ಟಿಕೊಟ್ಟ ರೊಟ್ಟಿ ಮುಟ್ಟುವುದನ್ನೂ ಮರೆತು ಕಾಮೆಂಟುಗಳನ್ನು ಓದುತ್ತ ಕೂತಳು.

ಗೇಮಿನ ಹೆಸರು ‘ತೂಬು’. ಆಡಿ ಮುಗಿಸಲು ಹದಿನೆಂಟು ನಿಮಿಷ ಸಾಕು. ಆಡುವವನು ಕಾಲುವೆಯ ಮೆಟ್ಟಿಲಿಳಿದು ಹಸಿರುಗಟ್ಟಿದ ನೀರಿನೊಳಗೆ ಮುಳುಗುತ್ತಾನೆ. ಎರಡು ಗೇಣಿನಾಚೆ ಏನೂ ಕಾಣುವುದಿಲ್ಲ. ಮೂಲೆಯಲ್ಲಿ ಉಸಿರಿನ ಬಿಳಿ ಪಟ್ಟಿ ಸಣ್ಣಗಾಗುತ್ತ ಹೋಗುತ್ತದೆ. ತಡವರಿಸುತ್ತ ಹೋದರೆ ಕಬ್ಬಿಣದ ಜಾಲರಿಗೆ ಸಿಕ್ಕಿಕೊಂಡ ಹುಡುಗಿಯ ಹೆಣ ಸಿಗುತ್ತದೆ, ಮುಖಕ್ಕೆ ಕೆಂಪು ಚೌಕಳಿ ಟವೆಲ್ ಕಟ್ಟಿದ್ದು. ಮುಂಗೈ ಹಿಡಿದು ಎಳೆದುಕೊಂಡು ಹೊರಟರೆ ಒಬ್ಬ ಗಂಡಸಿನ ದನಿ, ನೀರೊಳಗಿನಿಂದಲೇ ಬಂದಂತೆ, “ನಡಿ ಬೇಟಾ, ಮನಿಗೆ ಹೋಗೂನು,” ಅನ್ನುತ್ತದೆ. ಕೊನೆಗೆ ತೂಬಿನ ಬಾಗಿಲು. ಟವೆಲ್ ಬಿಚ್ಚಿ ಮುಖ ನೋಡುವ ತನಕ ಆ ಬಾಗಿಲು ತೆರೆಯುವುದಿಲ್ಲ. ಆರ್ಜೂ ಅದನ್ನು ಬೇಕೆಂದೇ ಹಾಗೆ ಮಾಡಿದ್ದಳು. ಹೆದರಿದವರು ನೋಡದೆ ಓಡಿಹೋಗಬಾರದಲ್ಲ.

ಆ ಟವೆಲ್ ಅವಳ ಅಬ್ಬನದು. ಆ ದನಿಯೂ ಅವನದೇ.

ಅಬ್ಬ ಬಂದೇಸಾಬ ಜವಳಗೇರಾದ ಹತ್ತಿರ ಕಾಲುವೆಯ ಗೇಟು ಎತ್ತಿಳಿಸುವ ದಿನಗೂಲಿ. ಸುತ್ತಲಿನ ಊರುಗಳು ಅವನನ್ನು ಬಲ್ಲದ್ದು ಮಾತ್ರ ಬೇರೆ ಕೆಲಸಕ್ಕೆ. ಕಾಲುವೆಗೆ ಬಿದ್ದವರ ಹೆಣವನ್ನು ಮೂವತ್ತು ವರ್ಷಗಳಿಂದ ಅವನೇ ತೆಗೆಯುತ್ತಿದ್ದ. ಹೇಸಿಗೆಯ ಕೆಲಸ, ಅದನ್ನು ನಾಜೂಕಾಗಿ ಹೇಳಲು ಹೋಗಬಾರದು. ಆ ನೀರಿನಲ್ಲಿ ಹೊಲಕ್ಕೆ ಹೊಡೆದ ಔಷಧದ ಖಾಲಿ ಡಬ್ಬಿಗಳು, ಉಬ್ಬಿದ ನಾಯಿಗಳು, ಕೋಳಿ ಅಂಗಡಿಯ ಪುಕ್ಕದ ಚೀಲಗಳು, ಮಕ್ಕಳ ಮಲದ ಡೈಪರುಗಳು ಒಂದರ ಹಿಂದೊಂದು ತೇಲಿ ಬಂದು ಗೇಟಿನ ಜಾಲರಿಗೆ ಅಂಟುತ್ತವೆ. ಅದೇ ನೀರು ಮುಂದೆ ಹೋಗಿ ಊರೂರಿನ ಕುಡಿಯುವ ನೀರಿನ ಕೆರೆ ತುಂಬುತ್ತದೆ. ಹೆಣವೂ ಅಲ್ಲೇ ಬಂದು ನಿಲ್ಲುತ್ತದೆ, ಮೂರು ದಿನಕ್ಕೋ, ಹತ್ತು ದಿನಕ್ಕೋ.

ದಂಡೆಯ ಮೇಲೆ ನಿಂತವರಿಗೆ ನೀರಿನ ಹೇಸಿಗೆ ಏನೂ ಅಲ್ಲ. ಮೂಗಿಗೆ ಸೆರಗು, ಕರ್ಚೀಫು ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಮೊಬೈಲು ಎತ್ತಿ ಹಿಡಿದು ಕಾಯುತ್ತಾರೆ. ಮೊಬೈಲು ಬರುವ ಮುಂಚೆ ಬರಿಗಣ್ಣಿನಲ್ಲೇ ಕಾಯುತ್ತಿದ್ದರು. ಅದಕ್ಕೇ ಬಂದೇಸಾಬ ಒಂದು ಪದ್ಧತಿ ಮಾಡಿಕೊಂಡಿದ್ದ. ಸೊಂಟಕ್ಕೆ ಹೊಸ ಟವೆಲ್ ಸಿಕ್ಕಿಸಿಕೊಂಡೇ ಮುಳುಗುತ್ತಿದ್ದ. ಕಣ್ಣು ಕಾಣದ ಆ ರಾಡಿಯೊಳಗೆ ಉಸಿರು ಹಿಡಿದು, ಕೈಯಲ್ಲಿ ತಡವಿ ತಲೆ ಹುಡುಕಿ, ಮುಖಕ್ಕೆ ಎರಡು ಸುತ್ತು ಸುತ್ತಿ, ಬಲಗಿವಿಯ ಹಿಂದೆ ಗಂಟು ಹಾಕಿಯೇ ಮೇಲಕ್ಕೆ ತರುತ್ತಿದ್ದ. ಆ ಟವೆಲ್ ವಾಪಸು ಕೇಳುವ ಮಾತಿಲ್ಲ. ಹೆಣದ ಜೊತೆಗೇ ಮಣ್ಣಿಗೋ ಬೆಂಕಿಗೋ ಹೋಗುತ್ತಿತ್ತು. ಎಲ್ಲವೂ ಒಂದೇ ಥರದವು, ಸಿಂಧನೂರಿನ ಹೊನ್ನೂರಪ್ಪನ ಅಂಗಡಿಯ ಕೆಂಪು ಚೌಕಳಿಯವು. ಮನೆಯ ಟ್ರಂಕಿನಲ್ಲಿ ಯಾವಾಗಲೂ ಅರ್ಧ ಡಜನ್ ಇರುತ್ತಿದ್ದವು.

ದಂಡೆಗೆ ಬಂದ ಮೇಲೆ ಅವನು ಹೇಳುವ ಮಾತೂ ಒಂದೇ. “ಮಖ ಸಮ ಐತ್ರಿ. ಮಲಗಿದಂಗ ಐತಿ. ಬಿಚ್ಚಬ್ಯಾಡ್ರಿ, ಹಂಗ ಕಳಸ್ರಿ.” ಪಂಚನಾಮೆಗೆಂದು ಮನೆಯ ಗಂಡಸೊಬ್ಬ, ಪೊಲೀಸಿನವರು, ಆಸ್ಪತ್ರೆಯವರು ಮರೆಯಲ್ಲಿ ನೋಡುತ್ತಿದ್ದರು. ನೋಡಿದ ಮೇಲೆ ಅವರೇ ತಿರುಗಿ ಟವೆಲ್ ಕಟ್ಟುತ್ತಿದ್ದರು. ಮನೆಗೆ ಹೋಗಿ ಆ ಗಂಡಸೂ ಅದೇ ಮಾತು ಹೇಳುತ್ತಿದ್ದ, ಮಲಗಿದಂಗಿತ್ತು ಅಂತ. ಮೂವತ್ತು ವರ್ಷಗಳಲ್ಲಿ ಈ ಸುಳ್ಳನ್ನು ಯಾರೂ ಕೆದಕಿರಲಿಲ್ಲ.

ಹೋದ ವರ್ಷ ಭತ್ತದ ನಾಟಿಯ ಹೊತ್ತಿಗೆ ಸಾಲಗುಂದದ ಅಶ್ವಿನಿ ಎಂಬ ಹದಿನೇಳರ ಹುಡುಗಿ, ಕೆಲಸ ಮುಗಿಸಿ ಕಾಲಿನ ಕೆಸರು ತೊಳೆಯಲು ಇಳಿದವಳು, ಪಾಚಿಯ ಮೇಲೆ ಜಾರಿ ಹೋದಳು. ಹನ್ನೊಂದು ದಿನದ ಮೇಲೆ ಜವಳಗೇರಾದ ಜಾಲರಿಯಲ್ಲಿ ಸಿಕ್ಕಳು. ಅವಳನ್ನು ತೆಗೆದ ವಾರಕ್ಕೆ ಬಂದೇಸಾಬನಿಗೆ ಟೈಫಾಯ್ಡ್ ಬಂತು. ಜ್ವರದಲ್ಲಿ, ಅಲ್ಲಿಯವರೆಗೆ ಮನೆಯಲ್ಲಿ ಒಂದು ದಿನವೂ ಬಾಯಿ ಬಿಡದವನು, ಎಲ್ಲವನ್ನೂ ಹೇಳತೊಡಗಿದ. ತುಟಿ ಇಲ್ಲ ಅಂದ. ಬಾಯೊಳಗೆ ಬೆರಳು ಹೋಯಿತು, ಒಳಗೆ ಏನೋ ಮಿಸುಕಿತು ಅಂದ. ನಡುನಡುವೆ ಗಾಳಿಯಲ್ಲಿ ಯಾರದೋ ಮುಂಗೈ ಹಿಡಿದುಕೊಂಡು, “ನಡಿ ಬೇಟಾ, ಮನಿಗೆ ಹೋಗೂನು,” ಅಂದ. ನೀರೊಳಗೆ ಅವನು ಹೆಣದ ಜೊತೆ ಮಾತಾಡುತ್ತಾನೆಂಬುದು ಹೆಂಡತಿ ಕರೀಮಾಬಿಗೂ ಗೊತ್ತಿರಲಿಲ್ಲ.

ಡಾಕ್ಟರಿಗೆ ಕೇಳಿಸೋಣವೆಂದು ಆರ್ಜೂ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದಳು. ಡಾಕ್ಟರಿಗೆ ಕೇಳಿಸಲಿಲ್ಲ. ಬಿಸಿಎ ಮುಗಿಸಿ ಎರಡು ವರ್ಷ ಮಂದಿಗೆ ಲೆಕ್ಕದ ಸಾಫ್ಟ್‌ವೇರ್ ಕಲಿಸಿ ಬೇಸತ್ತವಳಿಗೆ, ಕೈಗೊಂದು ವಸ್ತು ಸಿಕ್ಕಿತ್ತು. ಎಂಟು ತಿಂಗಳು ಕೂತು ‘ತೂಬು’ ಮಾಡಿದಳು. ಟವೆಲ್ ಹೇಗೆ ಬರೆದರೂ ನಿಜವೆನಿಸದಿದ್ದಾಗ, ಟ್ರಂಕಿನಿಂದ ಒಂದನ್ನು ತೆಗೆದು, ಬಿಸಿಲಿಗೆ ಹರವಿ, ಫೋಟೋ ಹೊಡೆದು, ಅದನ್ನೇ ಹೆಣದ ಮುಖಕ್ಕೆ ಸುತ್ತಿದಳು. ಗಂಟನ್ನೂ ಬಲಗಿವಿಯ ಹಿಂದೆಯೇ ಹಾಕಿದಳು. ತನ್ನ ಗೇಮನ್ನು ಎಲ್ಲೋ ಪರದೇಶದವರು ಆಡುತ್ತಾರೆ, ಸಾಲಗುಂದದವರು ಯಾಕೆ ಆಡುತ್ತಾರೆ ಅನ್ನುವುದು ಅವಳ ಲೆಕ್ಕಾಚಾರವಾಗಿತ್ತು.

ಲೆಕ್ಕಾಚಾರ ತಲೆಕೆಳಗಾಗಲು ಮೂರು ದಿನ ಸಾಕಾಯಿತು. ಮೊದಲು ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ದೊಡ್ಡಮ್ಮನ ಮಗ ಅಜೀಮ್ ಫೋನ್ ಮಾಡಿದ.

“ಏನ್ ಬೇ, ನೀ ಫೇಮಸ್ ಆಗೀದಿ. ಎರಡನೇ ಶಿಫ್ಟಿನವ್ರೆಲ್ಲಾ ನಿನ್ನ ಗೇಮ ನೋಡಾಕತ್ತಾರ. ಆದ್ರ ಆ ದನಿ ಕಾಕಾಂದಲ್ಲೇನು?”

“ಹೌದು. ಯಾಕ?”

“ಏನಿಲ್ಲ. ನಮ್ಮ ಜೋಡಿ ಮಸ್ಕಿಯಾಂವ ಒಬ್ಬ ಅದಾನ. ಅವರ ತಮ್ಮನ್ನ ಕಾಕಾನ ತೆಗದಿದ್ರಂತ. ಟವೆಲ್ ನೋಡಿ ಎದ್ದು ಹೋದ. ಡಬ್ಬಿ ಬಿಟ್ಟ ಹೋಗ್ಯಾನ, ಉಂಡಿಲ್ಲ.”

ಅಷ್ಟರಲ್ಲಿ ಯಾರೋ ಆ ಮುಖವನ್ನು ಕತ್ತರಿಸಿ ಸ್ಟಿಕ್ಕರ್ ಮಾಡಿದ್ದರು. ಹುಟ್ಟುಹಬ್ಬದ ಶುಭಾಶಯಕ್ಕೆ, ಪರೀಕ್ಷೆಯ ಫಲಿತಾಂಶಕ್ಕೆ, ಹೆಂಡತಿ ತವರಿನಿಂದ ಬಂದಳೆಂಬ ಹಳಸಲು ಜೋಕಿಗೆ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಆ ತುಟಿಯಿಲ್ಲದ ಮುಖ ಓಡಾಡಿತು. “ನಡಿ ಬೇಟಾ” ಅನ್ನುವುದಕ್ಕೆ ಡಿಜೆ ತಾಳ ಕೂಡಿಸಿ ರಿಂಗ್‌ಟೋನ್ ಮಾಡಿದ್ದರು. ಜವಳಗೇರಾದ ಬಸ್ಸಿನಲ್ಲಿ ಅದು ಒಬ್ಬನ ಜೇಬಿನಿಂದ ಕೂಗಿದಾಗ ಆರ್ಜೂ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಆದರೂ ಆವತ್ತು ಮನೆ ಮುಟ್ಟುವ ತನಕ ಅವಳು ಎಷ್ಟು ಜನ ನೋಡಿದರೆಂದು ಎರಡು ಸಲ ತೆಗೆದು ನೋಡಿದಳು.

ಮನೆಯಲ್ಲಿ ಅಬ್ಬ ಗೋಡೆಗೊರಗಿ ಕೂತಿದ್ದ. ಎದುರಿಗೆ ಚಾಪೆಯ ಮೇಲೆ ಯಾರದೋ ಮೊಬೈಲು. ಗೇಟಿನ ಕೆಲಸದವನೊಬ್ಬ ತೋರಿಸಿ, ಅವನ ಮುಖ ನೋಡಿ ಹೆದರಿ, ಮೊಬೈಲು ಅಲ್ಲೇ ಬಿಟ್ಟು ಹೋಗಿದ್ದನಂತೆ. ಕರೀಮಾಬಿ ಒಲೆಯ ಮುಂದಿನಿಂದಲೇ, “ಕ್ಯಾ ಕರ್ಕೋ ಬೈಠೀ ಗೇ ತೂ,” ಏನು ಮಾಡಿಟ್ಟೆಯೇ ನೀನು, ಎಂದಳು, ಬೈಗುಳದ ಹಾಗೆ ಅಲ್ಲ, ಸುಸ್ತಾದವಳ ಹಾಗೆ. ಮನೆಯಲ್ಲಿ ಆಡುವುದು ದಖ್ಖನಿಯಾದರೂ ಕಾಲುವೆಯ ವಿಷಯ ಬಂದರೆ ಬಂದೇಸಾಬನ ಬಾಯಿಗೆ ಕನ್ನಡವೇ ಬರುತ್ತಿತ್ತು.

“ಇದು ನಿಂದೇನು?”

“ನಂದ ಅಬ್ಬಾ. ಮಖ ನಾನ ಮಾಡಿದ್ದು. ಯಾರದೂ ಅಲ್ಲ ಅದು.”

“ಟವೆಲ್?”

ಆರ್ಜೂ ಟ್ರಂಕಿನ ಕಡೆ ನೋಡಿದಳು.

“ಈ ಟವೆಲ್ ಎಷ್ಟು ಮನಿಗೆ ಹೋಗೈತಿ, ಗೊತ್ತೈತೇನು ನಿನಗ? ಅವರೆಲ್ಲಾರೂ ಇದನ್ನ ನೋಡತಾರ ಈಗ. ನೋಡಿದಾವ್ರೆಲ್ಲಾ, ಇದು ನಮ್ಮ ಮಗಂದು, ನಮ್ಮ ಮಗಳದು ಅಂತ ತಿಳಕೊಂತಾರ.”

“ಆಟ ಐತಬ್ಬಾ ಅದು. ಆಡೋರಿಗೆ ಅಂಜಿಕಿ ಬರಬೇಕು, ಅಷ್ಟ.”

“ಅಂಜಿಕಿ,” ಎಂದು ಬಂದೇಸಾಬ ಮೆಲ್ಲಗೆ ಹೇಳಿದ. “ಮಂದಿ ಅಂಜಬಾರದಂತ ನಾ ಕಟ್ಟೀನಿ. ನಾ ಕಟ್ಟಿದ್ದನ್ನ ನೀ ಬಿಚ್ಚಿದಿ.”

ಅವನು ಎದ್ದು ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದ. ಮುಟ್ಟಿದ್ದು ಬರೀ ಮೊಬೈಲು. ಹೆಣ ತೆಗೆದ ದಿನ ತೊಳೆಯುವ ಹಾಗೆ ಮೊಣಕೈಯ ತನಕ, ಉಗುರಿನ ಸಂದಿಯಲ್ಲೆಲ್ಲ ಉಜ್ಜಿ ಉಜ್ಜಿ ತೊಳೆದ. ಮಗಳು ಕೊಟ್ಟ ವಸ್ತ್ರದಲ್ಲಿ ಕೈ ಒರೆಸಿಕೊಳ್ಳಲಿಲ್ಲ, ಹಾಗೇ ಒದ್ದೆ ಕೈಯಲ್ಲಿ ಹೊರಗೆ ಹೋದ. ಆರ್ಜೂಗೆ ಸಿಟ್ಟು ಬಂತು. ಎಂಟು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ಮಾಡಿದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲ ಎಂದು ಅವಳು ಗೇಮನ್ನು ಇಂಟರ್ನೆಟ್ಟಿನಿಂದ ತೆಗೆಯಲಿಲ್ಲ.

ತೆಗೆದದ್ದು ಗುರುವಾರ. ಆವತ್ತು ಸಿಂಧನೂರಿನಿಂದ ಬರುವ ಬಸ್ಸು ಕಾಲುವೆಯ ಸೇತುವೆಯ ಹತ್ತಿರ ನಿಂತುಬಿಟ್ಟಿತು. ರಸ್ತೆಯ ತುಂಬ ಬೈಕುಗಳು, ಟ್ರ್ಯಾಕ್ಟರುಗಳು. ಲಿಂಗಸುಗೂರಿನ ಕಡೆಯಿಂದ ನಾಟಿಗೆ ಬಂದಿದ್ದ ಆಳೊಬ್ಬ ನಾಲ್ಕು ದಿನದ ಹಿಂದೆ ಬಿದ್ದವನು ಈಗ ಸಿಕ್ಕಿದ್ದಾನೆಂದು ಕಂಡಕ್ಟರ್ ಹೇಳಿದ. ಆರ್ಜೂ ಇಳಿದು ನಡೆದಳು. ಅವಳು ದಂಡೆಗೆ ಬರುವ ಹೊತ್ತಿಗೆ ಅಬ್ಬ ಮೇಲೆ ಬಂದಾಗಿತ್ತು. ಬನಿಯನ್ನು ಮೈಗಂಟಿ, ಗಡ್ಡದಿಂದ ಕಪ್ಪು ನೀರು ಸೋರುತ್ತಿತ್ತು. ಕಾಲ ಹತ್ತಿರ ಹೆಣ, ಮುಖಕ್ಕೆ ಕೆಂಪು ಚೌಕಳಿ. ಹೆಂಡತಿ ಎದುರಿಗೇ ಕೂತಿದ್ದಳು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು.

“ಮಖ ಸಮ ಐತವ್ವ,” ಎಂದ ಬಂದೇಸಾಬ. “ಮಲಗಿದಂಗ ಐತಿ.”

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಿಂದಿನಿಂದ ಒಂದು ಮೊಬೈಲು ತಾಳದ ಸಮೇತ, ನಡಿ ಬೇಟಾ, ನಡಿ ನಡಿ ಬೇಟಾ, ಎಂದು ಕೂಗಿತು. ಇನ್ನಷ್ಟು ಜನ ನಕ್ಕರು. ಹೆಣದ ವಾಸನೆಗೆ ಮೂಗು ಮುಚ್ಚಿಕೊಂಡೇ ನಕ್ಕರು. ಸತ್ತವನ ತಮ್ಮ, ಇಪ್ಪತ್ತರ ಹುಡುಗ, ಮುಂದೆ ಬಂದ.

“ಬಿಚ್ಚು ಮಾವ. ಒಳಗ ಹೆಂಗ ಇರತೈತಿ ನಾವ್ ವಿಡಿಯೋದಾಗ ನೋಡೀವಿ. ಸುಳ್ಳ ಯಾಕ ಹೇಳ್ತಿ.”

“ಬ್ಯಾಡಪ್ಪ. ಅತ್ತಿಗಿ ಅದಾಳ ಇಲ್ಲೆ.”

ಹುಡುಗ ಬಗ್ಗಿದ. ಬಂದೇಸಾಬ ಅವನ ಕೈ ಹಿಡಿಯಲು ಹೋದ, ಯಾರೋ ಬಂದೇಸಾಬನನ್ನೇ ಹಿಂದಕ್ಕೆ ಜಗ್ಗಿದರು. ಗಂಟು ಒದ್ದೆಯಾಗಿ ಬಿಗಿದಿತ್ತು, ಸುಲಭಕ್ಕೆ ಬರಲಿಲ್ಲ. ಹುಡುಗ ಹಲ್ಲು ಹಚ್ಚಿ ಬಿಚ್ಚಿದ. ಅಷ್ಟೊತ್ತೂ ಹತ್ತಿಪ್ಪತ್ತು ಮೊಬೈಲುಗಳು ಬಗ್ಗಿ ನೋಡುತ್ತಿದ್ದವು. ಬಟ್ಟೆ ಸರಿಯಿತು. ಹುಡುಗನೇ ಮೊದಲು ಹಿಂದಕ್ಕೆ ಬಿದ್ದ. ಹೆಂಡತಿ ಅಳಲಿಲ್ಲ. ಒಂದು ಗಳಿಗೆ ನೋಡಿದಳು, ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡಳು, ಬೆನ್ನ ಮೇಲಿನ ಕೂಸು ಎಚ್ಚರವಾಗಿ ಅಳತೊಡಗಿತು. ಗಂಡನ ಹೆಣದ ಎದುರು ವಾಂತಿ ಮಾಡಿಕೊಂಡೆನಲ್ಲ ಎಂಬ ಕೊರಗು ಆ ಹೆಂಗಸಿಗೆ ಸಾಯುವ ತನಕ ಇರುತ್ತದೆ. ಅದನ್ನೂ ಯಾರೋ ವಿಡಿಯೋ ಮಾಡಿಕೊಂಡರು.

ಬಂದೇಸಾಬ ಮತ್ತೆ ಕಟ್ಟಲು ಹೋದರೆ ಹುಡುಗ ಬಿಡಲಿಲ್ಲ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಅವನು ಟವೆಲ್ ಕೈಯಲ್ಲಿ ಹಿಡಿದು ಮನೆಗೆ ಬಂದ. ಒಳಗೆ ತರಲಿಲ್ಲ. ಹಿತ್ತಿಲಿನ ತಂತಿಯ ಮೇಲೆ ಹಾಕಿದ. ಅದನ್ನು ಒಗೆಯಲು ಕರೀಮಾಬಿ ಮುಟ್ಟಲಿಲ್ಲ, ಆರ್ಜೂವೂ ಮುಟ್ಟಲಿಲ್ಲ. ಗಾಳಿ ಬೀಸಿದಾಗಲೆಲ್ಲ ಅದರ ವಾಸನೆ ಮನೆಯೊಳಗೆ ಬರುತ್ತಿತ್ತು. ಆರ್ಜೂ ಗೇಮನ್ನು ಇಂಟರ್ನೆಟ್ಟಿನಿಂದ ತೆಗೆದುಹಾಕಿದಳು. ತೆಗೆದದ್ದರಿಂದ ಏನೂ ಆಗಲಿಲ್ಲ. ವಿಡಿಯೋಗಳು, ಸ್ಟಿಕ್ಕರುಗಳು ತಮ್ಮ ಪಾಡಿಗೆ ಓಡಾಡಿಕೊಂಡಿದ್ದವು. ತನ್ನ ಬೆರಳುಗಳ ಮೇಲೇ ಹೇಸಿಗೆಯಾಗಿ ಅವಳು ಆ ದಿನ ಚಮಚದಲ್ಲಿ ಉಂಡಳು.

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಇಬ್ಬರು ಹೆಂಗಸರು ಬಾಗಿಲಿಗೆ ಬಂದರು. ದೊಡ್ಡವಳು ಅಶ್ವಿನಿಯ ತಾಯಿ ಗದ್ದೆಮ್ಮ. ಜೊತೆಗಿದ್ದವಳು ಹಿರಿಮಗಳು ಅಂಬಿಕಾ, ಮಸ್ಕಿಯಲ್ಲಿ ನರ್ಸು. ಅಂಬಿಕಾ ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಹೊರಗೇ ನಿಂತಳು. ಗದ್ದೆಮ್ಮ ಒಳಗೆ ಬಂದು ಕರೀಮಾಬಿ ಹಾಸಿದ ಚಾಪೆಯ ಮೇಲೆ ಕೂತಳು. ಆರ್ಜೂ ಅಡಿಗೆಮನೆಯ ಬಾಗಿಲಿಗೆ ಅಂಟಿಕೊಂಡಳು.

“ಸಾಬಣ್ಣ, ಒಂದ ಮಾತ ಕೇಳಾಕ ಬಂದೀನಿ,” ಎಂದಳು ಗದ್ದೆಮ್ಮ. “ಊರಾಗ ಎಲ್ಲಾರೂ ಏನೇನೋ ಅನ್ನಾಕತ್ತಾರ. ಅಂಬಿಕಾ ಮೊಬೈಲಿನ್ಯಾಗ ನೋಡಿ ಎರಡು ದಿನ ಉಂಡಿಲ್ಲ. ನನಗ ತೋರಿಸವಲ್ಲಳು. ನನ್ನ ಮಗಳ ಮಖ ಹೆಂಗಿತ್ತು?”

ಬಂದೇಸಾಬ ಅವಳ ಮುಖ ನೋಡಿಯೇ ಹೇಳಿದ. “ಮಲಗಿದಂಗಿತ್ತವ್ವ.”

“ನಮ್ಮ ಮನಿಯಾವ್ರೂ ಹಂಗ ಅಂದ್ರು.”

“ನಿನ್ನ ಗಂಡ ನರಸಣ್ಣ ನೋಡ್ಯಾನಲ್ಲ. ಆತ ಯಾಕ ಸುಳ್ಳ ಹೇಳತಾನ.”

ಹೊಸ್ತಿಲಿನಿಂದ ಅಂಬಿಕಾ, “ಹಂಗಾರ ನಿಮ್ಮ ಮಗಳಿಗೆ ಅದು ಎಲ್ಲಿಂದ ಬಂತ್ರೀ?” ಎಂದಳು. “ಹನ್ನೊಂದು ದಿನ ನೀರಾಗ ಇದ್ದ ಬಾಡಿ ಹೆಂಗ ಇರತೈತಿ ನನಗ ಗೊತ್ತೈತಿ. ನಾ ನರ್ಸ್ ಅದೀನಿ. ನಮ್ಮವ್ವಗ ಗೊತ್ತಿರಲಿಲ್ಲ. ಗೊತ್ತಾಗಬಾರದಂತ ಒಂದ ವರ್ಷ ಕಾಯ್ದೀನಿ ನಾನು.”

ಎಲ್ಲರೂ ಆರ್ಜೂವಿನ ಕಡೆ ನೋಡಿದರು. ಅವಳು ಮೂರು ದಿನದಿಂದ ತಯಾರು ಮಾಡಿಟ್ಟುಕೊಂಡಿದ್ದ ಮಾತನ್ನು ಹೇಳಿದಳು.

“ಅದು ಇಂಟರ್ನೆಟ್‌ನ್ಯಾಗಿನದ್ರೀ. ಯಾವುದೋ ಪರದೇಶದ ಫೋಟೋ ನೋಡಿ ಮಾಡಿದ್ದು. ನಿಮ್ಮ ಮಗಳದಲ್ಲ. ಅಬ್ಬಾ ನನಗ ಯಾವತ್ತೂ ಏನೂ ಹೇಳಿಲ್ರೀ.”

ಸುಳ್ಳು ಬಾಯಿಂದ ಹೊರಬಿದ್ದಾಗ ಅಬ್ಬನ ಮೂವತ್ತು ವರ್ಷದ ಸುಳ್ಳು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಅವನದು ಒಬ್ಬರನ್ನು ಕಾಯುವುದಕ್ಕೆ ಹೇಳಿದ್ದು. ಅವಳದು ತಾನು ಮಾಡಿದ ಹೊಲಸು ಮುಚ್ಚುವುದಕ್ಕೆ.

ಗದ್ದೆಮ್ಮ ಆರ್ಜೂವಿನ ಕಡೆ ತಿರುಗಿ ಕೂತಳು. ಆಮೇಲೆ, “ನನಗ ತೋರಸು,” ಎಂದಳು.

“ಬ್ಯಾಡವ್ವ,” ಎಂದು ಅಂಬಿಕಾ ಚಪ್ಪಲಿ ಕಾಲಲ್ಲೇ ಒಳಗೆ ಬಂದಳು.

“ಮಖ ಅಲ್ಲ. ನೀರು. ಹನ್ನೊಂದು ದಿನ ನನ್ನ ಮಗಳು ಎಲ್ಲಿದ್ಲು ಅಂತ ನಾ ನೋಡಿಲ್ಲ. ದಂಡಿ ಮ್ಯಾಲ ಕುಂತಿದ್ದೆ, ಒಳಗ ಏನೈತಿ ಅಂತ ಯಾರೂ ಹೇಳಲಿಲ್ಲ. ನೀ ಮಾಡೀಯಂತಲ್ಲ. ತೋರಸವ್ವ.”

ಆರ್ಜೂ ಅಬ್ಬನ ಕಡೆ ನೋಡಿದಳು. ಅವನು ಎದ್ದು ಹೊಸ್ತಿಲ ಮೇಲೆ ಹೋಗಿ, ಒಳಗೆ ಬೆನ್ನು ಮಾಡಿ ಕೂತುಬಿಟ್ಟ. ಅವಳು ಲ್ಯಾಪ್‌ಟಾಪು ತಂದು ಚಾಪೆಯ ಮೇಲಿಟ್ಟು, ಗದ್ದೆಮ್ಮನ ಬೆರಳು ಹಿಡಿದು ಕೀಲಿಗಳ ಮೇಲಿಟ್ಟಳು. ಆ ಬೆರಳುಗಳ ಉಗುರಿನ ಸಂದಿಯಲ್ಲಿ ಗದ್ದೆಯ ಕಪ್ಪು ಕೂತಿತ್ತು.

“ಇದನ್ನ ಒತ್ತಿ ಹಿಡದ್ರ ಮುಂದ ಹೋಗತೈತ್ರಿ. ಇವೆರಡು ಎಡಕ್ಕ, ಬಲಕ್ಕ. ಇದು...” ಎಂದು ಅವಳು ತಡೆದಳು. “ಇದು ಬಟ್ಟಿ ಬಿಚ್ಚೂದು.”

“ಅದನ್ನ ಮುಟ್ಟೂದಿಲ್ಲ ನಾ.”

ಗದ್ದೆಮ್ಮ ಮೆಟ್ಟಿಲಿಳಿದಳು. ಹಸಿರು ನೀರು ಪರದೆಯ ತುಂಬ ಬಂತು. ಎರಡು ಸಲ ಗೋಡೆಗೆ ಹಾಯ್ದಳು, ಹಿಂದೆ ಬಂದಳು. ಡಬ್ಬಿಯೊಂದು ತೇಲಿ ಎದುರಿಗೆ ಬಂದಾಗ, “ಇಂಥಾದ್ರಾಗ,” ಎಂದು ಮೂಗು ಕಿವುಚಿದಳು. ಜಾಲರಿಯ ಹತ್ತಿರ ಹೋದಾಗ ಅವಳ ಬೆರಳು ತಾನಾಗಿಯೇ ನಿಂತಿತು. ಹುಡುಗಿ ಅಲ್ಲಿ ತೂಗುತ್ತಿದ್ದಳು, ಕೂದಲು ನೀರಿನಲ್ಲಿ ಹರಡಿಕೊಂಡು, ಮುಖಕ್ಕೆ ಚೌಕಳಿ ಸುತ್ತಿಕೊಂಡು. ಅಂಬಿಕಾ ತಿರುಗಿ ನಿಂತಳು. ಆರ್ಜೂ ಹೇಳಿಕೊಟ್ಟಂತೆ ಗದ್ದೆಮ್ಮ ಮುಂಗೈ ಹಿಡಿದಳು.

“ನಡಿ ಬೇಟಾ,” ಎಂದಿತು ಲ್ಯಾಪ್‌ಟಾಪು. “ಮನಿಗೆ ಹೋಗೂನು.”

ಗದ್ದೆಮ್ಮ ತಲೆ ಎತ್ತಿ ಹೊಸ್ತಿಲ ಕಡೆ ನೋಡಿದಳು. “ಇದು ನಿನ್ನ ದನಿ ಅಲ್ಲೇನು ಸಾಬಣ್ಣ?”

ಬಂದೇಸಾಬ ತಿರುಗಲಿಲ್ಲ. ಬೆನ್ನಿನಲ್ಲೇ ಹೂಂಗುಟ್ಟಿದ.

“ನನ್ನ ಮಗಳಿಗೆ ಹಿಂಗ ಅಂದಿದ್ದೇನು?”

“ಅಂದೀನವ್ವ. ಅನ್ನದ ಹೋದ್ರ ಹಿಡಿಯಾಕ ಕೈ ಬರೂದಿಲ್ಲ.”

ಗದ್ದೆಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಮತ್ತೆ ಪರದೆಗೆ ಬಗ್ಗಿದಳು. ಈಗ ಅವಳು ನಿಧಾನ ಮಾಡಲಿಲ್ಲ. ಹುಡುಗಿಯನ್ನು ಹಿಡಿದುಕೊಂಡು ತೂಬಿನ ಬಾಗಿಲ ತನಕ ಬಂದಳು. ಬಾಗಿಲು ತೆರೆಯಲಿಲ್ಲ. ಅವಳು ಒತ್ತಿಯೇ ಹಿಡಿದಳು. ಹುಡುಗಿಯ ಭುಜ ಬಾಗಿಲಿಗೆ ತಾಕಿ ಹಿಂದೆ ಬಂತು, ಮತ್ತೆ ತಾಕಿತು.

“ಬಾಗ್ಲಾ ಯಾಕ ತೆಗಿವಲ್ದು?”

“ಬಟ್ಟಿ ಬಿಚ್ಚಿದ್ರ ಅಷ್ಟ ತೆಗೀತೈತ್ರಿ,” ಎಂದಳು ಆರ್ಜೂ.

“ಹಂಗ ಯಾರು ಮಾಡಿದ್ದು?”

“ನಾನ.”

ಗದ್ದೆಮ್ಮ ಬೈಯುತ್ತಾಳೆಂದು ಆರ್ಜೂ ಕಾದಳು. ಬೈದಿದ್ದರೆ ಒಳ್ಳೆಯದಿತ್ತು. ಉಸಿರಿನ ಪಟ್ಟಿ ಖಾಲಿಯಾಯಿತು, ಪರದೆ ಕಪ್ಪಗಾಯಿತು, ಮತ್ತೆ ಮೊದಲಿನ ಮೆಟ್ಟಿಲು ಬಂತು. ಗದ್ದೆಮ್ಮ ಏನೂ ಕೇಳದೆ ತಿರುಗಿ ಇಳಿದಳು. ಈ ಸಲ ದಾರಿ ಗೊತ್ತಿತ್ತು, ಗೋಡೆಗೆ ಹಾಯಲಿಲ್ಲ. ಜಾಲರಿಯಿಂದ ಹುಡುಗಿಯನ್ನು ಬಿಡಿಸಿಕೊಂಡು, ಬಾಗಿಲಿಗೆ ಬಂದು, ಒತ್ತಿ ಹಿಡಿದಳು. ಪಟ್ಟಿ ಖಾಲಿಯಾಯಿತು. ಮತ್ತೆ ಇಳಿದಳು.

“ನಾ ಅದನ್ನ ತಿದ್ದತೀನ್ರಿ,” ಎಂದಳು ಆರ್ಜೂ. ಅವಳು ಲ್ಯಾಪ್‌ಟಾಪಿಗೆ ಕೈ ಚಾಚಿದಳು. “ಬಿಡ್ರಿ, ಇಲ್ಲಿ ಕೊಡ್ರಿ, ಬಾಗ್ಲಾ ತೆಗಿಯೂ ಹಂಗ ಮಾಡತೀನಿ.”

ಗದ್ದೆಮ್ಮ ಅವಳ ಕೈಯನ್ನು ಮೊಣಕೈಯಿಂದಲೇ ಪಕ್ಕಕ್ಕೆ ಸರಿಸಿದಳು. “ತಡಿ. ಅಕಿ ನನ್ನ ಕೈಯಾಗ ಅದಾಳ.”

ನಾಲ್ಕನೆಯ ಸಲಕ್ಕೆ ಬಂದೇಸಾಬ ಹೊಸ್ತಿಲಿನಿಂದ ಎದ್ದು ಬಂದ. ಹಿತ್ತಿಲಿನ ಗಾಳಿ ತಂತಿಯ ಮೇಲಿನ ಟವೆಲ್ಲಿನ ವಾಸನೆಯನ್ನು ಒಳಗೆ ತಂದಿತ್ತು. ಅವನು ಗದ್ದೆಮ್ಮನ ಪಕ್ಕ ಒಂದು ಮೊಳ ಬಿಟ್ಟು ಕುಕ್ಕರಗಾಲಲ್ಲಿ ಕೂತು, ಮಗಳು ಮಾಡಿದ ನೀರನ್ನು ಮೊದಲ ಸಲ ಪೂರ್ತಿ ನೋಡಿದ.

“ಎಡಕ್ಕ ಹಿಡಿ ತಂಗಿ,” ಎಂದ. “ಎಡಕ್ಕ ಸೆಳವು ಕಮ್ಮಿ ಇರತೈತಿ. ನಾ ಯಾವಾಗ್ಲೂ ಅಲ್ಲಿಂದ ತರತೀನಿ.”

ಗದ್ದೆಮ್ಮ ಹುಡುಗಿಯನ್ನು ಹಿಡಿದುಕೊಂಡು ಎಡಕ್ಕೆ ತಿರುಗಿದಳು. ಎಡಕ್ಕೆ ಆರ್ಜೂ ಏನನ್ನೂ ಮಾಡಿರಲಿಲ್ಲ. ಅಲ್ಲಿದ್ದದ್ದು ಬರೀ ಗೋಡೆ. ಗದ್ದೆಮ್ಮ, ಬಂದೇಸಾಬ ಇಬ್ಬರೂ ಅದರ ಗುಂಟ, ಉಸಿರು ಹಿಡಿದುಕೊಂಡು, ಮುಂದೆ ಹೋಗುತ್ತಿದ್ದರು.